ಟೇಪಿನ ಬಾಲ

ಕಾಲುಚೀಲದಿಂದ ಮಾಡಿದ ಬೊಂಬೆ ಕುರಿ ಮಕ್ಕಳಿಗೆಲ್ಲ ಟಾಟಾ ಹೇಳಿ ತಲೆಬಾಗಿದ ಮೇಲೆ ತೆರೆ ಕಪ್ಪಾಗಬೇಕಾಗಿತ್ತು. ಆಗಲಿಲ್ಲ. ಕುರಿಯ ಗುಂಡಿಕಣ್ಣಿನ ಮೇಲೆ ಬಿಳಿ ಗೀರುಗಳು ಓಡಿದವು, ಚಿತ್ರ ಒಮ್ಮೆ ಜೋಲಿ ಹೊಡೆದು ಬಿದ್ದು ಎದ್ದಿತು, ಎದ್ದಾಗ ಅಲ್ಲಿ ಅವಳ ಅಮ್ಮ ಕೂತಿದ್ದಳು. ಮರದ ಕುರ್ಚಿ, ಹಿಂದೆ ನೀಲಿ ಪರದೆ, ಪಕ್ಕದ ಮೇಜಿನ ಮೇಲೆ ಪ್ಲಾಸ್ಟಿಕ್ ಹೂಗಳ ಹೂದಾನಿ. ಅವಳಿಗೆ ಮೊದಲು ಅನ್ನಿಸಿದ್ದು ಅಮ್ಮ ಎಂದಲ್ಲ, ಪರದೆಗೆ ಇಸ್ತ್ರಿ ಆಗಿಲ್ಲ ಎಂದು. ಅರ್ಧ ಆಯುಷ್ಯ ಚಿತ್ರ ಕತ್ತರಿಸಿ ಜೋಡಿಸುವುದರಲ್ಲೇ ಕಳೆದ ಕಣ್ಣು ಮನುಷ್ಯರನ್ನು ಕೊನೆಗೆ ನೋಡುತ್ತದೆ. ಆಮೇಲೆ ಅಮ್ಮನನ್ನು ನೋಡಿದಳು. ಮನೆಯ ಗೋಡೆಯ ಫೋಟೋದಲ್ಲಿ ಅಮ್ಮ ಮುದುಕಿ. ಇಲ್ಲಿ ಕೂತವಳು ಈಗಿನ ತನಗಿಂತ ಎಷ್ಟೋ ಚಿಕ್ಕವಳು, ತಂಗಿಯಾಗಬಹುದಾದವಳು, ದೀಪದ ಕಾವಿಗೆ ಕೆನ್ನೆ ಕೆಂಪಗಾಗಿ, ರವಿಕೆಯ ತೋಳಿನ ತುದಿಯನ್ನು ಎಳೆದೆಳೆದು ಸರಿಮಾಡಿಕೊಳ್ಳುತ್ತಿದ್ದಳು. ಮಗಳು ನಿಲ್ಲಿಸುವ ಗುಂಡಿ ಒತ್ತಿದಳು. ಅಮ್ಮ ನಡುಗುತ್ತ ನಿಂತಳು. ಹಳೆಯ ಟೇಪನ್ನು ಹಾಗೆ ಹೆಚ್ಚು ಹೊತ್ತು ನಿಲ್ಲಿಸಿಡುವಂತಿಲ್ಲ. ಯಂತ್ರದ ತಲೆ ಅದೇ ಜಾಗವನ್ನು ಉಜ್ಜಿ ಉಜ್ಜಿ ಸವೆಸಿಬಿಡುತ್ತದೆ. ನೋಡಬೇಕೆಂದರೆ ಓಡಲು ಬಿಡಬೇಕು. ಓಡಲು ಬಿಡುವ ಧೈರ್ಯ ಅವಳಿಗಿರಲಿಲ್ಲ. ಯಂತ್ರವನ್ನು ಪೂರ್ತಿ ಬಂದ್ ಮಾಡಿ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಕರೆಂಟು ಹೋದ ಮನೆಯಲ್ಲಿ ಕೂತವಳ ಹಾಗೆ ಸುಮ್ಮನೆ ಕೂತಳು. ಚಹಾ ಆರುತ್ತಿತ್ತು.

ಬೆಳಗ್ಗೆ ಬಂದಾಗ ಇದ್ದದ್ದು ಒಂದೇ ಚಿಂತೆ. ಸಂಜೆ ಟೀವಿ ಕೇಂದ್ರದ ವಾರ್ಷಿಕೋತ್ಸವ, ಅದಕ್ಕೆ 'ನಡೆದು ಬಂದ ದಾರಿ' ಎಂಬ ಅರ್ಧ ಗಂಟೆಯ ಚಿತ್ರ, ಅದನ್ನು ಕೂಡಿಸಿ ಕೊಡಬೇಕಾದವಳು ಅವಳು, ಕೂಡಿಸೋಣವೆಂದರೆ ದಾರಿಯೇ ಇಲ್ಲ. ದಾರಿಯನ್ನೆಲ್ಲ ಅವರೇ ಅಳಿಸಿಕೊಂಡು ಬಂದಿದ್ದರು. ಮೊದಮೊದಲು ಕೇಂದ್ರದಲ್ಲಿ ಟೇಪುಗಳಿದ್ದದ್ದು ಬೆರಳೆಣಿಕೆಯಷ್ಟು. ಈ ವಾರದ ಪ್ರಸಂಗ, ಎಂದರೆ ಪಾದ್ರಿಯ ಬೋಧನೆ, ಪ್ರಸಾರವಾದ ಮರುದಿನವೇ ಅದರ ಮೇಲೆ ಮುಂದಿನ ವಾರದ ಗಾಯನ, ಗಾಯನದ ಮೇಲೆ ಮಕ್ಕಳ ಪಾಠ, ಪಾಠದ ಮೇಲೆ ಮತ್ತೆ ಪ್ರಸಂಗ. ಒಂದೇ ಪಾತ್ರೆಯಲ್ಲಿ ಎಲ್ಲ ಅಡುಗೆ. ಕೇಂದ್ರ ಶುರುಮಾಡಿದ ಅಯ್ಯನವರು, ಆಗ ಸಣ್ಣ ಸಭೆಯೊಂದರ ಪಾದ್ರಿ, ಇದಕ್ಕೆ ಚಿಂತಿಸಿದವರೇ ಅಲ್ಲ. "ದೇವರ ಮಾತು ಆಕಾಶಕ್ಕೆ ಹೋಯ್ತಲ್ಲಮ್ಮ, ಡಬ್ಬದಲ್ಲಿ ಯಾಕೆ ಇಡ್ಬೇಕು" ಎನ್ನುತ್ತಿದ್ದರು. ಆದರೆ ಹೊಸ ಕಾರ್ಯಕ್ರಮ ಹಳೆಯದಕ್ಕಿಂತ ಗಿಡ್ಡವಾಗಿದ್ದರೆ ಹಳೆಯದರ ತುದಿ ಹಾಗೆಯೇ ಉಳಿದುಕೊಳ್ಳುತ್ತದೆ. ಅದನ್ನು ಕೇಂದ್ರದವರು ಬಾಲ ಎನ್ನುತ್ತಿದ್ದರು. ಈ ವಾರವಿಡೀ ಅವಳು ಆಯುತ್ತಿದ್ದದ್ದು ಬಾಲಗಳನ್ನೇ: ಯಾರದೋ ಹಾಡಿನ ಕೊನೆಯ ಸಾಲು, ಅಯ್ಯನವರು ಎದ್ದುಹೋದ ಮೇಲಿನ ಖಾಲಿ ಪೀಠ, ಆಮೆನ್ ಹೇಳಿ ಮೈಕು ಬಂದ್ ಆಯಿತೆಂದುಕೊಂಡು "ನಲ್ಲಿ ತಿರುಗಿಸಿ ಬಂದ್ಯಾ?" ಎಂದು ಹೆಂಡತಿಯನ್ನು ಕೇಳಿದ ಸಂಡೇ ಸ್ಕೂಲಿನ ಮೇಷ್ಟ್ರು. ನಡೆದು ಬಂದ ದಾರಿಯೆಂದರೆ ಇಷ್ಟೇ, ಎಲ್ಲರೂ ಎದ್ದು ಹೋಗುತ್ತಿರುವ ಚಿತ್ರಗಳು. ಅವನ್ನೇ ಒಂದರ ಹಿಂದೊಂದು ಜೋಡಿಸಿ ನೋಡಿದಾಗ ನಿನ್ನೆ ಅವಳಿಗೆ ನಗು ಬಂದಿತ್ತು, ನಗು ನಡುವೆಯೇ ನಿಂತುಹೋಗಿತ್ತು. ಮೊದಲ ದಿನದ ಪ್ರಸಾರವಂತೂ ಹೋಯಿತೆಂದು ಎಲ್ಲರೂ ಎಂದೋ ಕೈತೊಳೆದುಕೊಂಡಿದ್ದರು. ಅದು ಹೋಗಿ ಕುರಿಯ ಹಿಂದೆ ಅಡಗಿ ಕೂತಿತ್ತು. ಆ ಕುರಿಯನ್ನು ಹೊಲಿದವಳೂ ಅಮ್ಮನೇ.

ಅಮ್ಮ ಹೊಲಿಗೆಯವಳು. ನೀಲಿ ಪರದೆಯೂ ಅವಳದೇ, ಅಂಚಿಗೆ ಬೂದು ನೂಲು. ಆಗ ಕೇಂದ್ರವೆಂದರೆ ಮುಚ್ಚಿಹೋದ ಐಸ್ ಫ್ಯಾಕ್ಟರಿಯ ಹಿಂಬದಿಯ ಕೋಣೆ. ಕಿಟಕಿಯಿಲ್ಲ, ಮೊಳ ದಪ್ಪದ ಗೋಡೆ, ಗೋಡೆಯೊಳಗೆ ತಣ್ಣಗಿಡಲು ತುಂಬಿದ ಬೆಂಡಿನ ಹಲಗೆ. ಒಳಗೆ ಹೋಗಿ ಬಾಗಿಲೆಳೆದುಕೊಂಡರೆ ರಸ್ತೆಯ ಲಾರಿ ಕೇಳಿಸದು, ಪಕ್ಕದವರ ಕೆಮ್ಮು ಎದೆಗೆ ಬಡಿದಂತೆ ಕೇಳಿಸುವುದು. ಊರಿಗೆಲ್ಲ ತಮಾಷೆ. "ಐಸ್ ಅಯ್ಯನವರು" ಎಂದು ಹೆಸರಾಯಿತು, "ಅಲ್ಲಿಟ್ಟರೆ ಭಕ್ತಿ ಹಳಸೋದೇ ಇಲ್ಲ ಬಿಡಿ" ಎಂದು ಸಭೆಯವರೇ ನಕ್ಕರು. ಅಯ್ಯನವರೂ ನಕ್ಕು, ಮದುವೆಗಳ ವಿಡಿಯೊ ತೆಗೆಯುತ್ತಿದ್ದ ಒಬ್ಬನನ್ನು ಕ್ಯಾಮೆರಾ ಸಮೇತ ಕರೆತಂದರು. ಮದುವೆ ಮಾಮ ಎಂದೇ ಅವನನ್ನು ಇಂದಿಗೂ ಕರೆಯುವುದು. ಅವನಿಗೊಂದು ಚಾಳಿ. ಚಿತ್ರದಲ್ಲಿ ಏನಾದರೂ ಎಡವಟ್ಟಾದರೆ ಕ್ಯಾಮೆರಾ ಮೆಲ್ಲಗೆ ತಿರುಗಿ ಹೂದಾನಿಯ ಮೇಲೆ ನಿಲ್ಲುತ್ತಿತ್ತು. ಮದುವೆಯಲ್ಲಿ ಬೀಗರು ಜಗಳಕ್ಕೆ ನಿಂತರೆ ಹೂವು, ಹುಡುಗಿ ಅತ್ತರೆ ಹೂವು. ಇಲ್ಲಿ ಪ್ರಸಂಗ ಮಾಡುವವರು ಸಾಲು ಮರೆತರೆ ಹೂವು. ನೋಡುವವರಿಗೂ ಅಭ್ಯಾಸವಾಗಿ, ಹೂವು ಬಂದ ಕೂಡಲೇ "ಯಾರಿಗೋ ಏನೋ ಆಯ್ತು" ಎನ್ನುತ್ತಿದ್ದರು. ಚಾವಣಿಯ ಮೇಲೆ ನಿಲ್ಲಿಸಿದ ಕಬ್ಬಿಣದ ಕಂಬದಿಂದ ಚಿತ್ರ ಎಷ್ಟು ದೂರ ಹೋಗುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳಲು ಅಯ್ಯನವರು ಸೈಕಲ್ ಏರಿ ಹೋಗಿ ಸಿಕ್ಕಸಿಕ್ಕ ಮನೆಯ ಬಾಗಿಲು ಬಡಿದು "ನಿಮ್ಮನೇಲಿ ನಾವು ಕಾಣ್ತೀವಾ?" ಎಂದು ಕೇಳಿದ್ದರು. ಈ ಪ್ರಶ್ನೆ ನೆನಪಾದಾಗಲೆಲ್ಲ ಅವಳಿಗೆ ಮೈ ಜುಮ್ಮೆನ್ನುತ್ತದೆ. ಆಗ ಮಾತ್ರ ನಕ್ಕಿದ್ದಳು, ಎಲ್ಲರ ಜೊತೆ.

ಮೊದಲ ಪ್ರಸಾರದಲ್ಲಿ ಸಾಕ್ಷಿ ಹೇಳಲು, ಎಂದರೆ ದೇವರನ್ನು ಕಂಡುಕೊಂಡ ಬಗೆಯನ್ನು ಎಲ್ಲರೆದುರು ಹೇಳಲು, ಅಯ್ಯನವರು ಆರಿಸಿದ್ದು ಸಭೆಯಲ್ಲೇ ತೊದಲುವ ಅಮ್ಮನನ್ನು. ಸುದ್ದಿ ಕೇಳಿ ಮಗಳು ಮನೆಯಲ್ಲಿ ಊಟ ಬಿಟ್ಟಿದ್ದಳು. ಬೇರೆ ಯಾರೂ ಸಿಗಲಿಲ್ಲವೇ? ಅಮ್ಮನಿಗೆ ಮಾತು ಬರುತ್ತಿರಲಿಲ್ಲವೆಂದಲ್ಲ, ಬರಲು ಹೊತ್ತು ಹಿಡಿಯುತ್ತಿತ್ತು. ಕೆಲವು ಅಕ್ಷರ ಎರಡೆರಡು ಸಲ ಮೆಟ್ಟಿಲು ಹತ್ತುತ್ತಿದ್ದವು. ಕೆಲವು ಬಾಗಿಲಲ್ಲೇ ನಿಂತುಬಿಡುತ್ತಿದ್ದವು, ಬಾಯಿ ತೆರೆದೇ ಇರುತ್ತಿತ್ತು, ದನಿಯಿಲ್ಲ. ಅಂಥ ಹೊತ್ತಿನಲ್ಲಿ ಮಗಳು ಚಿಕ್ಕಂದಿನಿಂದ ಮಾಡಿಕೊಂಡು ಬಂದದ್ದು ಒಂದೇ ಕೆಲಸ, ಮುಂದಿನ ಮಾತನ್ನು ತಾನು ಹೇಳಿ ಮುಗಿಸುವುದು. ಅಂಗಡಿಯಲ್ಲಿ, ಬಸ್ಸಿನಲ್ಲಿ, ಶಾಲೆಯ ಮೇಡಂ ಎದುರು. ಜಾಣೆ ಮಗಳು ಎಂದು ಹೊಗಳಿದವರಿದ್ದಾರೆ. ಮೊದಲ ಪ್ರಸಾರದ ದಿನ ಅವಳು ಐಸ್ ಫ್ಯಾಕ್ಟರಿಗೆ ಹೋಗಲಿಲ್ಲ, ಪಕ್ಕದ ಮನೆಯ ದೊಡ್ಡಮ್ಮನ ಟೀವಿಯ ಮುಂದೆ ಬೀದಿಯ ಹೆಂಗಸರ ಜೊತೆ ಕೂತಿದ್ದಳು. ಅಮ್ಮ ತೆರೆಯ ಮೇಲೆ ಬಂದಳು, ಹೆಂಗಸರು ಚಪ್ಪಾಳೆ ತಟ್ಟಿದರು. ಅಮ್ಮ ಮಾತಾಡಿದಳು, ಎಡವಿದಳು, ನಡೆದಳು. ಆಮೇಲೆ ಒಂದು ಮಾತಿನ ಎದುರು ನಿಂತಳು. ನಿಂತೇ ಇದ್ದಳು. ಬಾಯಿ ತೆರೆದ ಅಮ್ಮ, ಅಲ್ಲಾಡದ ಚಿತ್ರ, ಸದ್ದಿಲ್ಲದ ಪೆಟ್ಟಿಗೆ. "ಅಯ್ಯೋ, ಕೆಟ್ಟೋಯ್ತು ಕಣ್ರೇ" ಎಂದು ದೊಡ್ಡಮ್ಮ ಎದ್ದುಬಂದು ಟೀವಿಯ ನೆತ್ತಿಗೆ ಫಟಾರನೆ ಬಾರಿಸಿದಳು. ಎಲ್ಲರೂ ಮಗಳ ಕಡೆ ನೋಡಿದರು. "ಹೂಂ, ಕೆಟ್ಟಿದೆ" ಎಂದಳು ಅವಳು. ಎದ್ದು ಹೊರಗೆ ಹೋಗಿ ಆಂಟೆನಾ ತಿರುಗಿಸಿದಳು. ಕೆಡದಿದ್ದದ್ದು ಆಗ ಕೆಟ್ಟಿತು. ಒಳಗಿನಿಂದ "ಈಗ ಚುಕ್ಕೆ ಬಂತು, ಈಗ ಗೆರೆ ಬಂತು" ಎಂದು ಕೂಗುತ್ತಿದ್ದರು, ಅವಳು ಕಂಬ ತಬ್ಬಿಕೊಂಡು ತಿರುಗಿಸುತ್ತಲೇ ಇದ್ದಳು, ಸಾಕ್ಷಿ ಮುಗಿದಿರಬಹುದು ಎನ್ನಿಸುವ ತನಕ.

ಹೀಗಾಗಿ ಅಮ್ಮನಿಗೆ ಆ ಮಾತು ಹೇಗೆ ಬಂತೆಂದು ಅವಳು ನೋಡಿದವಳಲ್ಲ. ಮುಂದೆ ಅದೇ ಕೇಂದ್ರದಲ್ಲಿ ಕೆಲಸಕ್ಕೆ ಸೇರಿ, ಕತ್ತರಿಸುವುದನ್ನು ಕಲಿತು, ಎಲ್ಲರ ಕೆಮ್ಮು, ಆಕಳಿಕೆ, 'ಅಂದರೆ', 'ಏನಪ್ಪಾ ಅಂದರೆ'ಗಳನ್ನು ಗುಡಿಸಿ ಹಾಕುವುದರಲ್ಲಿ ಎತ್ತಿದ ಕೈ ಎನ್ನಿಸಿಕೊಂಡ ಮೇಲೆ, ಒಂದು ಮಧ್ಯಾಹ್ನ ಅಮ್ಮನೇ ಬಂದು ಬಾಗಿಲಲ್ಲಿ ನಿಂತಳು. ನನ್ನದನ್ನು ಮತ್ತೆ ಹಾಕುತ್ತಾರಂತಲ್ಲ, ಹಾಕುವ ಮೊದಲು ತೊದಲನ್ನು ತೆಗೆದುಬಿಡು ಎಂದಳು, ಅಷ್ಟು ಹೇಳಲು ಅವಳಿಗೆ ಸಾಕಷ್ಟು ಹೊತ್ತು ಹಿಡಿಯಿತು. ಮಗಳು ತೆಗೆದಳು. ಆ ಒಂದು ಟೇಪನ್ನು ಮಾತ್ರ ಅಲ್ಲಿಯವರೆಗೆ ಯಾರೂ ಅಳಿಸಿರಲಿಲ್ಲ, ಅದರ ಮೇಲೆ ಮಕ್ಕಳ ಪಾಠ ಬಂದದ್ದು ಆಮೇಲೆ. ಟೇಪನ್ನು ವೇಗವಾಗಿ ಓಡಿಸಿ, ಬಾಯಿ ತೆರೆದಲ್ಲಿ ಒಂದು ಗುರುತು, ಮಾತು ಸಿಕ್ಕಲ್ಲಿ ಇನ್ನೊಂದು ಗುರುತು, ನಡುವಿನದು ಬೇಡ. ಕತ್ತರಿಸಿದಲ್ಲಿ ಚಿತ್ರ ಜಿಗಿಯಬಾರದೆಂದು ಹೂದಾನಿಯ ಚಿತ್ರ ತಂದು ಮುಚ್ಚಿದಳು. ಅಮ್ಮ ನಯವಾಗಿ, ಓದಿದವರ ಹಾಗೆ, ಒಂದೇ ಉಸಿರಿಗೆ ಹೇಳಿದಳು: ದೇವರಿಗೆ ಅವಸರ ಇಲ್ಲ. ಜನಕ್ಕೆ ಅದು ಎಷ್ಟು ಹಿಡಿಸಿತೆಂದರೆ ಮೆಟ್ಟಿಲ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿದರು, ಕಾರ್ಯಕ್ರಮಗಳ ನಡುವೆ ಹಾಕಿದರು, ಕೇಂದ್ರದ ವ್ಯಾನಿನ ಹಿಂದೆ ಬರೆಸಿದಾಗ ಟ್ರಾಫಿಕ್ಕಿನಲ್ಲಿ ಹಿಂದಿದ್ದವರು ಹಾರನ್ ಹೊಡೆದದ್ದೇ ಹೊಡೆದದ್ದು. ಅಮ್ಮ ಆ ಸಾಕ್ಷಿಯನ್ನು ಟೀವಿಯಲ್ಲಿ ನೋಡಿ ಮಕ್ಕಳ ಹಾಗೆ ನಕ್ಕಿದ್ದಳು. "ಯಾ... ಯಾರೇ ಇವ್ಳು? ಪಟಪಟಾಂತ ಮಾತಾಡ್ತಾಳೆ!" ಆಮೇಲೆ ಕ್ಯಾಮೆರಾದ ಮುಂದೆ ಬರಲಿಲ್ಲ. ಯಾರಾದರೂ ಕರೆದರೆ ಟೀವಿಯ ಕಡೆ ಬೆರಳು ತೋರಿಸುತ್ತಿದ್ದಳು, ಅವಳನ್ನು ಕರೀರಿ ಎನ್ನುವ ಹಾಗೆ.

ಈಗ ಮಗಳು ಯಂತ್ರ ಹಚ್ಚಿದಳು. ಬಾಗಿಲ ಚಿಲಕ ಹಾಕಿದ್ದೇನೆಯೇ ಎಂದು ಒಮ್ಮೆ ತಿರುಗಿ ನೋಡಿ, ಗುಂಡಿ ಒತ್ತಿ, ಕೈಯನ್ನು ಗುಂಡಿಯಿಂದ ದೂರ ಎಳೆದುಕೊಂಡಳು. ಅಮ್ಮ ನೂಲಿನ ಅಂಗಡಿಯ ಕಥೆ ಹೇಳುತ್ತಿದ್ದಳು. ಬಿಳಿ ನೂಲು ಕೇಳಲು ಹೋದರೆ ಬ, ಬ, ಬ ಎನ್ನುವಷ್ಟರಲ್ಲಿ ಅಂಗಡಿಯವನು "ಬೂದು ತಾನೇ?" ಎಂದು ಕಟ್ಟಿಕೊಟ್ಟುಬಿಡುತ್ತಾನೆ, ಮನೆಯಲ್ಲಿ ಬೇಡದ ಬೂದು ನೂಲು ಗುಡ್ಡೆ ಬಿದ್ದಿದೆ, ಬೇಕಾದರೆ ಈ ಪರದೆಯ ಅಂಚು ನೋಡಿ. ಕೋಣೆಯಲ್ಲಿ ನಗು. ಅಮ್ಮನೂ ನಕ್ಕಳು. "ಎ... ಎಲ್ರೂ ನನ್ನ ಮಾತು ಅ... ಅವ್ರೇ ಮುಗಿಸ್ತಾರೆ. ಪಾ... ಪಾಪ, ಸಹಾಯ ಮಾಡೋಕೇ. ಪ್ರಾರ್ಥನೇಲಿ ಮಾತ್ರ ಯಾರೂ ನ... ನಡುವೆ ಬಾಯಿ ಹಾಕಲ್ಲ. ಪೂರ್ತಿ ಕೇಳ್ತಾನೆ. ದೇವರಿಗೆ..." ಅಲ್ಲಿ ನಿಂತಳು. ಬಾಯಿ ತೆರೆಯಿತು, ದನಿ ಬರಲಿಲ್ಲ. ಮಗಳ ಬೆರಳುಗಳು ತಾವಾಗಿಯೇ ಗುಂಡಿಯ ಕಡೆ ಹೋದವು, ಎಳೆದುಕೊಂಡಳು. ತನ್ನ ನಾಲಗೆ ಅಂಗುಳಕ್ಕೆ ತಾಗಿ ಆ ಮಾತನ್ನು ಹೇಳಿ ಮುಗಿಸಲು ಸಿದ್ಧವಾಗಿ ನಿಂತದ್ದು ಅವಳಿಗೆ ಗೊತ್ತಾಯಿತು. ಇಷ್ಟು ವರ್ಷದ ಮೇಲೂ, ಸತ್ತ ಅಮ್ಮನ ಮಾತನ್ನೂ! ಅಮ್ಮ ಗಾಬರಿಯಾಗಲಿಲ್ಲ. ಕಣ್ಣೆತ್ತಿ ನೇರ ನೋಡಿ ಒಂದು ಬೆರಳು ಮೇಲೆತ್ತಿದಳು, ಇರಿ, ಬರುತ್ತೆ ಎನ್ನುವ ಹಾಗೆ, ಒಲೆಯ ಮೇಲೆ ಹಾಲಿಟ್ಟವಳು ಬಾಗಿಲಿಗೆ ಬಂದವರಿಗೆ ತೋರಿಸುವ ಹಾಗೆ. ಆರ್ಗನ್ ನುಡಿಸುವವನು ಮೌನ ತುಂಬಲು ಒಂದು ಸ್ವರ ಒತ್ತಿದ. ಚಿತ್ರದ ಮೂಲೆಯಲ್ಲಿ ಅಯ್ಯನವರ ಕೈ ಕಾಣಿಸಿ, ಬೇಡ ಎಂದಿತು. ಸ್ವರ ನಿಂತಿತು. ಹೂದಾನಿ ಅಲ್ಲೇ ಇತ್ತು, ಕ್ಯಾಮೆರಾ ಅದರ ಕಡೆ ಹೋಗಲಿಲ್ಲ. ಏನೂ ಆಗಲಿಲ್ಲ. ದಪ್ಪ ಗೋಡೆಯ ಆ ಕೋಣೆಯಲ್ಲಿ ಎಷ್ಟೋ ಜನ ಇದ್ದರು, ಅವರು ಉಸಿರಾಡುವುದು ಕೇಳುತ್ತಿತ್ತು. ಯಾರೂ ಮಾತು ಮುಗಿಸಿಕೊಡಲಿಲ್ಲ. ಅಮ್ಮನ ಮುಖದಲ್ಲಿ ನಾಚಿಕೆಯಿರಲಿಲ್ಲ, ಪ್ರಯಾಸವಿತ್ತು, ಪ್ರಯಾಸದ ಆಚೆಗೆ ಇನ್ನೇನೋ ಇತ್ತು, ಅದಕ್ಕೆ ಅವಳಿಗೆ ಹೆಸರು ಗೊತ್ತಿರಲಿಲ್ಲ. ತನ್ನನ್ನು ಪೂರ್ತಿ ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಗೊತ್ತಾದವರ ಮುಖ ಹಾಗಿರುತ್ತದೋ ಏನೋ. "ಅವಸರ ಇಲ್ಲ" ಎಂದಳು ಅಮ್ಮ ಕೊನೆಗೆ, ಮೆಲ್ಲಗೆ, ಒಂದೂ ಎಡವದೆ. ಯಾರೋ ಅತ್ತರು. ಗೀರುಗಳು ಬಂದು ಚಿತ್ರ ಮುಗಿಯಿತು. ಅವಳು ಮೇಜಿಗೆ ಹಣೆ ಹಚ್ಚಿದಳು. ಪ್ರಾರ್ಥನೆಗಳನ್ನು ನಿಧಾನಗತಿಯಲ್ಲಿ, ಹಿಂದುಮುಂದಾಗಿ, ತುಟಿ ಒದ್ದೆಮಾಡಿಕೊಳ್ಳುವ ನಾಲಗೆ ಸಮೇತ ಇಷ್ಟು ವರ್ಷ ನೋಡಿದ್ದರಿಂದ ಅವಳಲ್ಲಿದ್ದ ನಂಬಿಕೆ ಎಂದೋ ಸವೆದುಹೋಗಿತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಈಗ ಹಿಂದಿರುಗಿತೆಂದೂ ಹೇಳಲಾರಳು. ಆದರೆ ದೊಡ್ಡ ಬೆಟ್ಟದ ಬುಡದಲ್ಲಿ ತಲೆಯೆತ್ತಿ ನಿಂತಾಗ ಒಮ್ಮೆ ಹೀಗಾಗಿತ್ತು.

ಬಾಗಿಲು ಬಡಿದವನು ಚಿಕ್ಕಯ್ಯ, ಅಯ್ಯನವರ ಮಗ, ಈಗ ಕೇಂದ್ರದ ಡೈರೆಕ್ಟರು. ಒಳ್ಳೆಯವನೇ, ಆದರೆ ಕೂತಲ್ಲಿ ಕೂರುವವನಲ್ಲ. ಕೇಂದ್ರವನ್ನು ಐಸ್ ಫ್ಯಾಕ್ಟರಿಯಿಂದ ಗಾಜಿನ ಕಟ್ಟಡಕ್ಕೆ ತಂದವನು ಅವನು, ತಂದ ಮೇಲೂ ಓಡುವುದು ನಿಲ್ಲಿಸಿಲ್ಲ. ಅವಳು ಏನೂ ಹೇಳದೆ ಟೇಪು ಹಾಕಿದಳು. ಅವನು ನಿಂತೇ ನೋಡಿದ. ಅಪ್ಪನ ಕೈ ಮೂಲೆಯಲ್ಲಿ ಕಂಡಾಗ "ಅಪ್ಪಾಜಿ ಕೈ!" ಎಂದ, ಅವನ ದನಿ ಒಡೆಯಿತು. ಮೌನ ಅರ್ಧ ಆಗುವಷ್ಟರಲ್ಲಿ ಫೋನು ತೆಗೆದು ನೋಡಿದ, ಮತ್ತೆ ಜೇಬಿಗಿಟ್ಟ.

"ಅದ್ಭುತ ಅಕ್ಕಾ. ನಿಜವಾಗ್ಲೂ. ಇದು ಸಿಕ್ಕಿದ್ದೇ ದೊಡ್ಡ ವಿಷಯ. ಆ ಗ್ಯಾಪ್ ಒಂದು ತೆಗೆದುಬಿಡಿ, ಹಾಕೋಣ."

"ಅದನ್ನೇ ಹಾಕಬೇಕು ಅಂತಿದೀನಿ."

"ಯಾವುದನ್ನ?"

"ಗ್ಯಾಪ್‌ನ."

ಚಿಕ್ಕಯ್ಯ ತಲೆ ಕೆರೆದುಕೊಂಡ. "ಅಲ್ಲ ಅಕ್ಕಾ, ಯಾರು ಕೂರ್ತಾರೆ ಅಷ್ಟೊತ್ತು? ಮುಂದಿನ ಚಾನೆಲ್ ಒತ್ತುತಾರೆ. ಅಲ್ದೆ ನಮ್ಮ ಮಿಷಿನ್ನೇ ಬಿಡಲ್ಲ. ಸದ್ದು ನಿಂತ ತಕ್ಷಣ ಏನೋ ಕೆಟ್ಟಿದೆ ಅಂದ್ಕೊಂಡು ಅದೇ ಬದಲಾಯಿಸುತ್ತೆ." ನಿಜ. ಈಗ ಪ್ರಸಾರವನ್ನೆಲ್ಲ ನೋಡಿಕೊಳ್ಳುವುದು ಆ ಯಂತ್ರ. ತುಸು ಹೊತ್ತು ಸದ್ದಿಲ್ಲದಿದ್ದರೆ ತೆರೆಯ ಮೇಲೆ ನೀಲಿ ಹಲಗೆ ಬರುತ್ತದೆ, 'ಅಡಚಣೆಗಾಗಿ ಕ್ಷಮಿಸಿ', ಹಿಂದೆ ಪಿಯಾನೊ. ಟೀವಿಯ ನೆತ್ತಿಗೆ ಬಾರಿಸಿದ ದೊಡ್ಡಮ್ಮ ಸತ್ತು ಯಂತ್ರವಾಗಿ ಹುಟ್ಟಿದ್ದಾಳೆ ಎನ್ನಿಸಿ ಅವಳಿಗೆ ಅಷ್ಟರಲ್ಲೂ ನಗು ಬಂತು. "ಅಮ್ಮ ಈಗ ಇದ್ದಿದ್ರೆ ಒಪ್ತಿದ್ರಾ?" ಎಂದ ಚಿಕ್ಕಯ್ಯ ಹೋಗುವ ಮುಂಚೆ, ತಿವಿಯಬೇಕೆಂದಲ್ಲ, ಸುಮ್ಮನೆ ಕೇಳಿದ. "ಅವರೇ ಹೇಳಿ ತೆಗೆಸಿದ್ದು ಅಂತ ನೀವೇ ಹೇಳಿದ್ರಲ್ಲ." ಅವಳ ನಗು ಇಳಿದುಹೋಯಿತು.

ಅದೊಂದು ಮಾತು ಮಧ್ಯಾಹ್ನವೆಲ್ಲ ತಲೆಯಿಂದ ಹೋಗಲಿಲ್ಲ. ಕೈ ಕೆಲಸ ಮಾಡುತ್ತಿತ್ತು, ಬಾಲಗಳನ್ನು ಜೋಡಿಸುತ್ತಿತ್ತು, ಅಮ್ಮನ ಚಿತ್ರದ ಎರಡು ಪ್ರತಿ ಮಾಡಿಟ್ಟಿತ್ತು, ಒಂದು ಹೂದಾನಿ ಇದ್ದದ್ದು, ಒಂದು ಇಲ್ಲದ್ದು. ಹೂದಾನಿ ಹಾಕಿದರೆ ಅಮ್ಮ ಕೇಳಿಕೊಂಡ ಹಾಗೆ ಆಗುತ್ತದೆ; ಹಾಕದಿದ್ದರೆ ಅಮ್ಮ ಇದ್ದ ಹಾಗೆ ಇರುತ್ತಾಳೆ. ಸತ್ತವರ ಮಾತನ್ನು ಮೀರುವುದಕ್ಕೆ ತಾನು ಯಾರು? ಊರೆಲ್ಲ ನೋಡುತ್ತದೆ. ಯಾರೋ ಮೊಬೈಲಿಗೆ ಹಾಕಿಕೊಂಡು ಬಾಯಿ ತೆರೆದ ಅಮ್ಮನನ್ನು ಮನೆಮನೆಗೆ ಕಳಿಸಿ ನಗಬಹುದು. ಅವಳು ನೀರು ಕುಡಿಯಲೆಂದು ಹೊರಗೆ ಬಂದಾಗ ಮದುವೆ ಮಾಮ ಮೆಟ್ಟಿಲ ಬುಡದಲ್ಲಿ, ಬಣ್ಣದಲ್ಲಿ ಬರೆದ ಅಮ್ಮನ ಮಾತಿನ ಕೆಳಗೆ, ಮಂಡಿ ನೀವಿಕೊಳ್ಳುತ್ತ ಕೂತಿದ್ದ. ಸಂಜೆಯ ಸಭೆಗೆ ಮಧ್ಯಾಹ್ನವೇ ಬಂದಿದ್ದ, ಹಳಬರೆಲ್ಲ ಹಾಗೆಯೇ. ಅವಳು ಅವನ ಪಕ್ಕದಲ್ಲಿ ಕುಕ್ಕರಿಸಿದಳು.

"ಮಾಮ, ಮೊದಲನೇ ದಿನದ್ದು ಸಿಕ್ತು. ಅಮ್ಮಂದು."

"ಸುಳ್ಳು ಹೇಳ್ಬೇಡ."

"ನಿಜ. ನೀವು ಅವತ್ತು ಹೂವಿಗೆ ಹೋಗ್ಲಿಲ್ಲ. ಯಾಕೆ?"

ಅವನು ತನ್ನ ಎರಡು ಕೈಗಳನ್ನು ನೋಡಿಕೊಂಡ. "ಹೋಗೋಕೆ ಅಂತ ಕೈ ಎತ್ತಿದ್ದೆ ಕಣಮ್ಮ. ನಿಮ್ಮಮ್ಮ ಬೆರಳು ತೋರಿಸಿದ್ಲು ನೋಡು, ಅದು ಜನಕ್ಕಲ್ಲ, ನನಗೆ. ಇರು ಅಂತ. ಇದ್ದೆ. ಉಸಿರು ಬಿಟ್ಟರೆ ಚಿತ್ರ ಅಲ್ಲಾಡುತ್ತೆ ಅಂತ ಉಸಿರು ಕಟ್ಕೊಂಡು ಇದ್ದೆ. ಅಷ್ಟು ಜನ ಒಟ್ಟಿಗೆ ಹಾಗೆ ಸುಮ್ಮನಿದ್ದದ್ದು ನಾನು ಇನ್ನೆಲ್ಲೂ ನೋಡಿಲ್ಲ, ಸಾವಿನ ಮನೇಲೂ ಇಲ್ಲ. ಆಮೇಲೆ ನಿಮ್ಮಮ್ಮ ಹೊರಗೆ ಬಂದು ಏನಂದ್ಲು ಗೊತ್ತಾ? 'ಮ... ಮನೇಲಿ ಮಗಳು ನೋ... ನೋಡಿರ್ತಾಳೆ' ಅಂದ್ಲು. ಕುಣೀತಾ ಹೋದ್ಲಪ್ಪ ಮನೆಗೆ."

ಕುಣಿಯುತ್ತ ಬಂದಿದ್ದಳೇ? ಅವಳಿಗೆ ನೆನಪಿದ್ದದ್ದು ಬೇರೆ. ಅಮ್ಮ ಬೀದಿಯ ತಿರುವಿನಲ್ಲಿ ಬರುತ್ತಿದ್ದಂತೆ ದೊಡ್ಡಮ್ಮ ಜಗಲಿಯಿಂದಲೇ ಕೂಗಿ ಹೇಳಿದ್ದಳು, ಚೆನ್ನಾಗಿ ಬಂದೆ ಕಣೇ, ನಡುವೆ ಹಾಳಾದ ಟೀವಿ ಕೆಟ್ಟೋಯ್ತು, ನಿನ್ನ ಮಗಳು ಪಾಪ ಆಂಟೆನಾ ತಿರುಗಿಸಿ ತಿರುಗಿಸಿ ಸುಸ್ತಾದ್ಲು. ಅಮ್ಮ ಎಲ್ಲರ ಜೊತೆ ನಕ್ಕಳು. ನಗುತ್ತಲೇ ಒಮ್ಮೆ ಮಗಳನ್ನು ನೋಡಿದಳು. ಟೀವಿ ಎಲ್ಲಿ ಕೆಟ್ಟಿತೆಂದು ಅಮ್ಮ ಕೇಳಲಿಲ್ಲ, ಕೇಳುವ ಅಗತ್ಯವಿರಲಿಲ್ಲ. ಒಳಗೆ ಹೋಗಿ ಮಿಷನ್ ಮುಂದೆ ಕೂತು ಅರ್ಧಕ್ಕೆ ಬಿಟ್ಟಿದ್ದ ಯಾರದೋ ರವಿಕೆಯ ತೋಳು ಹೊಲಿಯತೊಡಗಿದಳು. ಅದೇ ಅಮ್ಮ ಮುಂದೊಂದು ದಿನ ಬಾಗಿಲಲ್ಲಿ ನಿಂತು ತೊದಲನ್ನು ತೆಗೆದುಬಿಡು ಎಂದಾಗ ಜೊತೆಗೆ ಇನ್ನೊಂದು ಮಾತು ಹೇಳಿದ್ದಳು, ಈಗ ಮೆಟ್ಟಿಲ ಮೇಲೆ ಕೂತಾಗ ಅದು ದನಿ ಸಮೇತ ಹಿಂದಿರುಗಿತು: "ನೀ... ನೀನು ಇಲ್ಲಿ ಕೆಲಸ ಮಾಡ್ತೀಯ. ನಾಲ್ಕು ಜನ ನಿ... ನಿನ್ನ ಏನಂದ್ಕೋತಾರೆ." ಅಮ್ಮ ತನಗಾಗಿ ತೆಗೆಸಿದ್ದಲ್ಲ. ತನ್ನ ಬದುಕಿನಲ್ಲೇ ದೊಡ್ಡದಾಗಿ ಸಿಕ್ಕಿದ್ದ ಒಂದು ಮೌನವನ್ನು, ಇಡೀ ಕೋಣೆ ತನಗಾಗಿ ಕಾದಿದ್ದ ಒಂದು ಹೊತ್ತನ್ನು, ಮಗಳಿಗೆ ಮುಜುಗರವಾಗಬಾರದೆಂದು ಮಗಳ ಕೈಗೇ ಕೊಟ್ಟು ಕತ್ತರಿಸು ಎಂದಿದ್ದಳು. ಆಮೇಲೆ ಟೀವಿಯಲ್ಲಿ ಪಟಪಟ ಮಾತಾಡುವವಳನ್ನು ನೋಡಿ ನಕ್ಕಿದ್ದಳು. ಎಂಥ ಹೆಂಗಸು! ಅವಳಿಗೆ ಅಳು ಬರಲಿಲ್ಲ, ಬಂದಿದ್ದರೆ ಸಲೀಸಾಗುತ್ತಿತ್ತು. ಇಷ್ಟು ದೊಡ್ಡದು ಇಷ್ಟು ವರ್ಷ ಮನೆಯಲ್ಲೇ ಚಪ್ಪಲಿ ಬಿಟ್ಟು ಓಡಾಡಿಕೊಂಡು, ಗುಂಡಿ ಹೊಲಿದುಕೊಂಡು ಇತ್ತಲ್ಲ ಎಂದು ಅವಳು ಬೆರಗಾಗಿ ಕೂತಿದ್ದಳು. "ಏನಮ್ಮಾ?" ಎಂದ ಮದುವೆ ಮಾಮ. "ಏನಿಲ್ಲ ಮಾಮ. ನಿಮಗೆ ಚಹಾ ಕಳಿಸ್ತೀನಿ" ಎಂದು ಎದ್ದಳು.

ಹೂದಾನಿ ಇಲ್ಲದ್ದನ್ನು ಚಿತ್ರಕ್ಕೆ ಸೇರಿಸಿದಳು. ಚಿಕ್ಕಯ್ಯನಿಗೆ ಹೇಳಲಿಲ್ಲ. ಹೇಳಿದ್ದರೆ ಅವನು ಒಪ್ಪುತ್ತಿದ್ದನೋ ಏನೋ, ಆದರೆ ಅವನಿಗೆ ಒಪ್ಪಲು ಪುರಸೊತ್ತಿರಲಿಲ್ಲ. ಸಂಜೆ ಸ್ಟುಡಿಯೊ ತುಂಬಿತು. ಅಯ್ಯನವರನ್ನು ಗಾಲಿಕುರ್ಚಿಯಲ್ಲಿ ತಂದು ಮುಂದಿನ ಸಾಲಿನಲ್ಲಿ ಕೂರಿಸಿದರು. ಅವರಿಗೆ ಕಣ್ಣು ಮಂಜಾಗಿತ್ತು, ನೆನಪೂ ಹೋಗಿ ಬಂದು ಮಾಡುತ್ತಿತ್ತು, ಯಾರು ಕೈಮುಗಿದರೂ "ನಿಮ್ಮನೇಲಿ ನಾವು ಕಾಣ್ತೀವಾ?" ಎಂದು ಕೇಳುತ್ತಿದ್ದರು, ಜನ ನಕ್ಕು "ಕಾಣ್ತೀರ ಅಯ್ಯನವರೇ, ಚೆನ್ನಾಗಿ ಕಾಣ್ತೀರ" ಎನ್ನುತ್ತಿದ್ದರು. ಅವಳು ಪ್ರಸಾರದ ಕೋಣೆಗೆ ಹೋದಳು. ಗಾಜಿನಾಚೆ ಸಭೆ ಕಾಣುತ್ತಿತ್ತು. ಅಲ್ಲಿ ಕೂತಿರುತ್ತಿದ್ದ ಹುಡುಗಿಗೆ ನೀನು ಹೋಗಿ ಮುಂದೆ ಕೂತು ನೋಡು ಎಂದು ಕಳಿಸಿ, ತಾನು ಯಂತ್ರದ ಮುಂದೆ ಕೂತಳು. ಯಂತ್ರ ತಾನಾಗಿ ಬದಲಾಯಿಸದ ಹಾಗೆ ತಡೆಯಲು ಒಂದು ಗುಂಡಿಯಿದೆ. ಒತ್ತಿ ಬಿಟ್ಟರೆ ಸಾಲದು, ಒತ್ತಿಯೇ ಹಿಡಿದಿರಬೇಕು. ಕೈ ಎತ್ತಿದ ಕ್ಷಣ ನೀಲಿ ಹಲಗೆ. ಬಲಗೈಯ ಹೆಬ್ಬೆರಳನ್ನು ಅದರ ಮೇಲಿಟ್ಟಳು. ತನ್ನ ಕೈ ಇಷ್ಟು ವರ್ಷ ಮಾಡಿದ್ದೆಲ್ಲ ಕತ್ತರಿಸುವ ಕೆಲಸ, ಕತ್ತರಿಸದೆ ಹಿಡಿದಿಡುವ ಕೆಲಸ ಇದೇ ಮೊದಲು ಎಂಬುದು ಹೊಳೆಯಿತು.

ಬಾಲಗಳು ಹೋದವು. ಖಾಲಿ ಪೀಠ, ಹಾಡಿನ ಕೊನೆಯ ಸಾಲು, ನಲ್ಲಿಯ ಚಿಂತೆಯ ಮೇಷ್ಟ್ರು. ಸಭೆ ಬಿದ್ದು ಬಿದ್ದು ನಕ್ಕಿತು. ಕುರಿ ಟಾಟಾ ಹೇಳಿತು. ಗೀರುಗಳು, ಜೋಲಿ, ಅಮ್ಮ. ನೂಲಿನ ಅಂಗಡಿಗೆ ಎರಡು ಸಭೆಗಳೂ ಒಟ್ಟಿಗೆ ನಕ್ಕವು, ಆಗಿನದೂ ಈಗಿನದೂ, ನಗು ಯಾವುದರದೆಂದು ತಿಳಿಯಲಿಲ್ಲ. "ದೇವರಿಗೆ..." ಎಂದಳು ಅಮ್ಮ. ಬಾಯಿ ತೆರೆಯಿತು.

ಅವಳು ಗುಂಡಿ ಒತ್ತಿ ಹಿಡಿದಳು. ಯಂತ್ರದ ಕೆಂಪು ದೀಪ ಮಿನುಗತೊಡಗಿತು, ಅದಕ್ಕೆ ಮನಸ್ಸಿಲ್ಲ. ಸಭೆಯಲ್ಲಿ ಕೆಲವರು ತಲೆ ತಿರುಗಿಸಿ ಹಿಂದೆ ಗಾಜಿನ ಕಡೆ ನೋಡಿದರು, ಒಬ್ಬ ಅರ್ಧ ಎದ್ದ. ಮದುವೆ ಮಾಮ ಕದಲಲಿಲ್ಲ; ಅವನ ಬೆನ್ನು ನೋಡಿದರೆ ಉಸಿರು ಕಟ್ಟಿ ಕೂತಂತಿತ್ತು. ತೆರೆಯ ಮೂಲೆಯಲ್ಲಿ ಒಂದು ಕೈ ಬಂದು ಬೇಡ ಎಂದಿತು, ಆರ್ಗನ್ ನಿಂತಿತು. ಮುಂದಿನ ಸಾಲಿನ ಗಾಲಿಕುರ್ಚಿಯಲ್ಲಿ ಅದೇ ಕೈ, ಈಗ ಒಣಗಿ ಕಡ್ಡಿಯಾದದ್ದು, ತಾನಾಗಿ ಸ್ವಲ್ಪ ಮೇಲೆದ್ದಿತು, ಅವರಿಗೆ ಚಿತ್ರ ಕಂಡಿತೋ ಮೌನ ಗುರುತು ಹತ್ತಿತೋ. ಎದ್ದವನು ಕೂತ. ಊರಿನ ಮನೆಮನೆಗಳಲ್ಲಿ ಈಗ ಯಾರೋ ಟೀವಿಯ ಕಡೆ ಎದ್ದು ಬರುತ್ತಿರಬಹುದು, ಯಾರೋ ರಿಮೋಟು ಹುಡುಕುತ್ತಿರಬಹುದು, ಯಾವಳೋ ಒಬ್ಬ ಮಗಳು ತಾಯಿಯ ಮುಖ ನೋಡುತ್ತಿರಬಹುದು. ಮೇಜಿನ ಮೇಲಿನ ಫೋನು ಹೊಡೆದುಕೊಳ್ಳಲು ಶುರುವಾಯಿತು. ಬಾಗಿಲು ಧಡಾರೆಂದು ತೆರೆದು ಚಿಕ್ಕಯ್ಯ ಓಡಿಬಂದ.

"ಏನಾಯ್ತು ಅಕ್ಕಾ? ನಿಂತೋಯ್ತಾ? ಕೆಟ್ಟೋಯ್ತಾ?"

ಅವಳು ತಿರುಗಿ ನೋಡಲಿಲ್ಲ. ಬಲಗೈ ಗುಂಡಿಯ ಮೇಲಿತ್ತು. ಎಡಗೈಯ ಒಂದು ಬೆರಳನ್ನು ಮೇಲೆತ್ತಿ ತೋರಿಸಿದಳು. ತೆರೆಯ ಮೇಲೂ ಒಂದು ಬೆರಳು ಮೇಲೆದ್ದಿತ್ತು. ಚಿಕ್ಕಯ್ಯ ಇದ್ದಲ್ಲೇ ನಿಂತ. ಫೋನು ಹೊಡೆದುಕೊಂಡು ಹೊಡೆದುಕೊಂಡು ಸುಮ್ಮನಾಯಿತು. ಅಮ್ಮನಿಗೆ ಮಾತು ಇನ್ನೂ ಬಂದಿರಲಿಲ್ಲ.